ನೆರೆದೇಶದವರು ಬಹಿಷ್ಕಾರ ಅಂದ್ರೆ ಈರುಳ್ಳಿ ರೇಟ್ ಬೀಳುತ್ತಾ?

ಪಕ್ಕದ ದೇಶದವರು ನಮ್ಮ ಮಾಲು ಬಹಿಷ್ಕರಿಸ್ತಿದ್ದಾರೆ ಅಂತ ವಾಟ್ಸಾಪ್‌ಗೆ ವಿಡಿಯೋ ಬಂದ ಕೂಡಲೇ ಈರುಳ್ಳಿ ಬೆಳೆದವರಿಗೆ ಚಿಂತೆ ಶುರು. ಬಾಂಗ್ಲಾದೇಶ ನಮ್ಮ ಈರುಳ್ಳಿಯ ದೊಡ್ಡ ಗಿರಾಕಿ ಆಗಿತ್ತು. 2024ರಲ್ಲಿ ಅಲ್ಲಿ ಆಗಿದ್ದನ್ನು ನೋಡಿದರೆ ವಿಷಯ ಅರ್ಥ ಆಗುತ್ತೆ.

ಆಗಿದ್ದೇನು?

2024ರ ಜನವರಿ 7ರ ಚುನಾವಣೆಯಲ್ಲಿ ಶೇಖ್ ಹಸೀನಾ ಮತ್ತೆ ಗೆದ್ದರು. ವಿರೋಧ ಪಕ್ಷ ಬಿಎನ್‌ಪಿ ಚುನಾವಣೆಗೇ ನಿಂತಿರಲಿಲ್ಲ. ಹಸೀನಾಗೆ ಭಾರತದ ಬೆಂಬಲ ಇದೆ ಅನ್ನೋ ಸಿಟ್ಟಿನಲ್ಲಿ ಸೋಷಿಯಲ್ ಮೀಡಿಯಾದಲ್ಲಿ ‘ಇಂಡಿಯಾ ಔಟ್’ ಅಭಿಯಾನ ಹಬ್ಬಿತು. ಮಾರ್ಚ್‌ನಲ್ಲಿ ಬಿಎನ್‌ಪಿ ಮುಖಂಡ ರುಹುಲ್ ಕಬೀರ್ ರಿಜ್ವಿ ತಾವು ಹೊದ್ದಿದ್ದ ಭಾರತದ ಶಾಲನ್ನು ಬೀದಿಗೆ ಎಸೆದರು. ಭಾರತದ ಈರುಳ್ಳಿ, ಮಸಾಲೆ ಇಲ್ಲದೆ ಅಡುಗೆ ಮಾಡ್ತೀರಾ ಅಂತ ಹಸೀನಾ ತಿರುಗಿ ಕೇಳಿದರು.

ಈರುಳ್ಳಿ ತಡೆದದ್ದು ಯಾರು?

ಆ ಹೊತ್ತಿಗೆ ಈರುಳ್ಳಿ ರಫ್ತನ್ನು ನಿಲ್ಲಿಸಿದ್ದು ನಮ್ಮ ಕೇಂದ್ರ ಸರ್ಕಾರ! 2023ರ ಡಿಸೆಂಬರ್ 8ರಿಂದ ನಿಷೇಧ ಇತ್ತು. ಬಹಿಷ್ಕಾರದ ಗಲಾಟೆ ನಡೀತಿದ್ದ ಮಾರ್ಚ್‌ನಲ್ಲೇ ಬಾಂಗ್ಲಾಕ್ಕೆ 50,000 ಟನ್ ಕಳಿಸಲು ವಿಶೇಷ ಅನುಮತಿ ಸಿಕ್ಕಿತು. ನಿಷೇಧ ತೆರವಾದದ್ದು ಮೇ 4ಕ್ಕೆ. ಅದೂ ಟನ್‌ಗೆ ಕನಿಷ್ಠ 550 ಡಾಲರ್ ಬೆಲೆ, ಮೇಲೆ ಶೇ. 40 ಸುಂಕದ ಜೊತೆ.

ಸೋಪು, ಶಾಲು ಆದ್ರೆ ಬೇರೆ ಬ್ರ್ಯಾಂಡ್ ಕೊಳ್ಳಬಹುದು. ಈರುಳ್ಳಿ ಹಾಗಲ್ಲ, ತೂಕದ ಮೇಲೆ ಕೊಳ್ಳೋ ಸಂಸಾರ ನೋಡೋದು ಕೆಜಿ ರೇಟನ್ನೇ.

ಹಾಗಂತ ನಿಶ್ಚಿಂತೆಯಿಂದ ಇರೋ ಹಾಗಿಲ್ಲ

2019, 2020, 2023ರಲ್ಲಿ ನಾವು ರಫ್ತು ನಿಲ್ಲಿಸಿದಾಗೆಲ್ಲ ಬಾಂಗ್ಲಾ ಪಾಕಿಸ್ತಾನ, ಈಜಿಪ್ಟ್, ಚೀನಾ ಕಡೆ ಹೊರಳಿತು. ತನ್ನಲ್ಲೇ ಬೆಳೆ ಹೆಚ್ಚಿಸೋಕೂ ಹೊರಟಿತು. ದನಗಳ ವಿಷಯದಲ್ಲಿ ಹೀಗೇ ಆಯ್ತು: 2014ರ ನಂತರ ಭಾರತ ಗಡಿ ಬಿಗಿ ಮಾಡಿದಾಗ ಅಲ್ಲಿನ ರೈತರು ತಾವೇ ಸಾಕಿದರು. ಈಗ ಬಕ್ರೀದ್‌ಗೆ ನಮ್ಮ ದನಗಳೇ ಬೇಕು ಅಂತಿಲ್ಲ. ಬಹಿಷ್ಕಾರದ ಕೂಗು ಕೆಲವು ತಿಂಗಳಲ್ಲಿ ತಣ್ಣಗಾಗಬಹುದು, ಬೇರೆ ದಾರಿ ಕಂಡುಕೊಂಡ ಗಿರಾಕಿ ಮರಳಿ ಬರೋದು ಕಷ್ಟ.

ನೀವೇನು ಮಾಡಬಹುದು?

• ವಿಡಿಯೋ ನೋಡಿ ಗಾಬರಿಯಿಂದ ಮಾಲು ಮಾರಬೇಡಿ. ಮೊದಲು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ವೆಬ್‌ಸೈಟ್‌ನಲ್ಲಿ ರಫ್ತು ಆದೇಶ ಬದಲಾಗಿದೆಯಾ ನೋಡಿ.

• ಎರಡು ಮೂರು ಎಪಿಎಂಸಿಗಳ ಆವಕ, ರೇಟು ಹೋಲಿಸಿ.

• ಚಿತ್ರದುರ್ಗ, ಗದಗ ಕಡೆಯ ಮುಂಗಾರು ಈರುಳ್ಳಿ ಹೆಚ್ಚು ದಿನ ಬಾಳಲ್ಲ. ರೇಟ್ ಏರಲಿ ಅಂತ ತಿಂಗಳುಗಟ್ಟಲೆ ಇಟ್ಟರೆ ಕೊಳೆತೇ ನಷ್ಟ.

• ರಫ್ತು ನಂಬಿ ಇಡೀ ಹೊಲಕ್ಕೆ ಈರುಳ್ಳಿ ಹಾಕಬೇಡಿ. ಒಂದು ಭಾಗಕ್ಕೆ ಮೆಕ್ಕೆಜೋಳವೋ ಶೇಂಗಾವೋ ಇರಲಿ.