ವರ್ಗಾವಣೆಯ ಮಕ್ಕಳು ಮತ್ತು ಉನ್ನತ ಶಿಕ್ಷಣ: ಘಾಟ್ಕೋಪರದ ಒಂದು ನೋಟ

ಘಾಟ್ಕೋಪರ್ ಎಂದೊಡನೆ ಮುಂಬಯಿ ಕನ್ನಡಿಗರ ಕಣ್ಣಮುಂದೆ ಬರುವುದು ಕಿಕ್ಕಿರಿದ ರೈಲು ನಿಲ್ದಾಣ, ಪಂತನಗರದ ವಸತಿಗಳು, ಗುಜರಾತಿ ವರ್ತಕರ ಅಂಗಡಿಸಾಲುಗಳು, ಅವುಗಳ ನಡುವೆ ಒಂದೆರಡು ಉಡುಪಿ ಹೋಟೆಲುಗಳು. ಪಶ್ಚಿಮ ಭಾಗದಲ್ಲಿ, ಲಾಲ್ ಬಹಾದೂರ್ ಶಾಸ್ತ್ರಿ ಮಾರ್ಗಕ್ಕೆ ತಾಗಿಕೊಂಡು, ಭಾರತೀಯ ನೌಕಾಪಡೆಯ ವಿಶಾಲವಾದ ಸಾಮಗ್ರಿ ಉಗ್ರಾಣವಿರುವುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹಡಗುಗಳಿಗೆ ಬೇಕಾದ ಬಿಡಿಭಾಗಗಳು ಇಲ್ಲಿಂದ ಸರಬರಾಜಾಗುತ್ತವೆ. ಕಡಲು ಕಾಣದ ಈ ಉಪನಗರಕ್ಕೂ ಕಡಲ ಸೇವೆಗೂ ಇರುವ ನಂಟು ಇದು. ಬೆಳಗಾವಿ, ವಿಜಯಪುರ, ಉತ್ತರ ಕನ್ನಡ, ಕೊಡಗು ಮೊದಲಾದ ಕಡೆಗಳಿಂದ ಸೈನ್ಯಕ್ಕೂ ನೌಕಾಪಡೆಗೂ ಸೇರಿ ಮುಂಬಯಿಗೆ ವರ್ಗವಾಗಿ ಬರುವವರು ಎರಡು ಮೂರು ವರ್ಷ ನೆಲಸಿ ಮತ್ತೆ ಗಂಟುಮೂಟೆ ಕಟ್ಟುತ್ತಾರೆ. ಅವರ ಮಕ್ಕಳ ಪದವಿ ಶಿಕ್ಷಣದ ಪ್ರಶ್ನೆ ಮೇಲುನೋಟಕ್ಕೆ ಸರಳವೆನಿಸಿದರೂ ಒಳಹೊಕ್ಕು ನೋಡಿದಾಗ ಹಲವು ಸಿಕ್ಕುಗಳು ಎದುರಾಗುತ್ತವೆ.

ಸೈನಿಕರ ಮಕ್ಕಳ ವಿದ್ಯಾಭ್ಯಾಸಕ್ಕೆ ಏರ್ಪಾಡುಗಳೇ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ಹುಟ್ಟಿಕೊಂಡ ಕಿಂಗ್ ಜಾರ್ಜ್ ಸೈನಿಕ ಶಾಲೆಗಳ ಸಾಲಿಗೆ 1945ರಲ್ಲಿ ಬೆಳಗಾವಿಯ ಶಾಲೆಯೂ 1946ರಲ್ಲಿ ಬೆಂಗಳೂರಿನ ಶಾಲೆಯೂ ಸೇರಿದವು. ಇವೇ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. 1961ರಲ್ಲಿ ಸಾತಾರಾದಲ್ಲಿ ಮೊದಲಾದ ಸೈನಿಕ ಶಾಲೆಗಳ ಯೋಜನೆ 1963ರಲ್ಲಿ ವಿಜಯಪುರಕ್ಕೂ 2007ರಲ್ಲಿ ಕೊಡಗಿಗೂ ಬಂದಿತು. ಆದರೆ ಇವೆಲ್ಲವೂ ಆಯ್ದ ಕೆಲವರಿಗೆ ಮಾತ್ರ. ಸಾಮಾನ್ಯ ಸೈನಿಕನ ಮನೆಯ ಮಗುವಿಗೆ ನಿಜವಾಗಿ ಆಸರೆಯಾದದ್ದು ಕೇಂದ್ರೀಯ ವಿದ್ಯಾಲಯ. 1963ರಲ್ಲಿ ಪಲ್ಟಣಗಳು ನಡೆಸುತ್ತಿದ್ದ 20 ಶಾಲೆಗಳನ್ನು ವಹಿಸಿಕೊಂಡು ಆರಂಭವಾದ ಈ ವ್ಯವಸ್ಥೆಯ ಗುಣವೆಂದರೆ, ದೇಶದ ಯಾವ ಮೂಲೆಗೆ ವರ್ಗವಾದರೂ ಪಠ್ಯಕ್ರಮ ಬದಲಾಗದು. ವಿಶಾಖಪಟ್ಟಣದಲ್ಲಿ ನಿಲ್ಲಿಸಿದ ಪಾಠವನ್ನು ಮಗು ಮುಂಬಯಿಯಲ್ಲಿ ಮುಂದುವರಿಸಬಹುದು.

ಈ ಅನುಕೂಲಕ್ಕೆ ತೆತ್ತ ಬೆಲೆ ಭಾಷೆ. ಕೇಂದ್ರೀಯ ವಿದ್ಯಾಲಯದ ಮುಖ್ಯ ಭಾಷೆಗಳು ಹಿಂದಿ ಮತ್ತು ಇಂಗ್ಲಿಷ್, ಜೊತೆಗೆ ಸಂಸ್ಕೃತ. ವಡಾಲದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಾಗಲಿ, ಘಾಟ್ಕೋಪರಕ್ಕೆ ನೆರೆಯ ಚೆಂಬೂರಿನ ಕರ್ನಾಟಕ ಹೈಸ್ಕೂಲಾಗಲಿ ಮುಂಬಯಿಯಲ್ಲಿ ಬೇರೂರಿದ ಕನ್ನಡಿಗರ ಆಸ್ತಿ. ಇಂದು ಬಂದು ನಾಳೆ ಹೊರಡುವ ನಾವಿಕನು ಮಗುವನ್ನು ಕನ್ನಡ ಶಾಲೆಗೆ ಸೇರಿಸುವ ಧೈರ್ಯ ಮಾಡಲಾರ. ಹೀಗಾಗಿ ಮನೆಯಲ್ಲಿ ಕನ್ನಡ ಆಡುವ, ಓದಲು ಬಾರದ, ಊರಿನ ಅಜ್ಜಿಗೆ ಕಾಗದ ಬರೆಯಲಾಗದ ಮಕ್ಕಳು ಬೆಳೆಯುತ್ತಾರೆ. ಇದು ಭಾವನೆಯ ಮಾತಷ್ಟೇ ಅಲ್ಲ. ಮುಂದೆ ಪ್ರವೇಶದ ಹೊತ್ತಿಗೆ ಇದಕ್ಕೊಂದು ಲೆಕ್ಕವೂ ಬರುತ್ತದೆ.

ಸಮಸ್ಯೆ ಮೊನಚಾಗುವುದು ಹನ್ನೆರಡನೆಯ ತರಗತಿ ಮುಗಿದ ಮೇಲೆ. ಕೇಂದ್ರ ಸರ್ಕಾರದ ನೌಕರರಿಗೂ ಸೈನಿಕರಿಗೂ ದೊರೆಯುವ ಮಕ್ಕಳ ಶಿಕ್ಷಣ ಭತ್ಯೆ ಎರಡು ಮಕ್ಕಳಿಗೆ ಸೀಮಿತ. 2017ರಲ್ಲಿ ತಿಂಗಳಿಗೆ 2,250 ರೂಪಾಯಿಯಾಗಿದ್ದ ಈ ಮೊತ್ತ 2024ರಲ್ಲಿ ಶೇಕಡಾ 25ರಷ್ಟು ಏರಿತು. ಆದರೆ ಈ ಭತ್ಯೆ ಸಾಮಾನ್ಯವಾಗಿ ಹನ್ನೆರಡನೆಯ ತರಗತಿಗೇ ನಿಲ್ಲುತ್ತದೆ. ಖರ್ಚು ಏರತೊಡಗುವ ಕಾಲೇಜಿನ ಬಾಗಿಲಲ್ಲಿ ನೆರವು ಕೈಬಿಡುತ್ತದೆ. ಸಾಲದುದಕ್ಕೆ ಅದೇ ಸುಮಾರಿಗೆ ತಂದೆಯ ಸೇವೆಯೂ ಮುಗಿಯುವುದುಂಟು. ಹದಿನೆಂಟರ ಆಸುಪಾಸಿನಲ್ಲಿ ಸೇರಿ ಹದಿನೈದು ಇಪ್ಪತ್ತು ವರ್ಷ ದುಡಿದ ನಾವಿಕ ನಲವತ್ತರ ಒಳಗೇ ನಿವೃತ್ತನಾಗುತ್ತಾನೆ. ಆಗ ಸರ್ಕಾರಿ ವಸತಿ ತೆರವಾಗಬೇಕು. ಬರುವುದು ಪಿಂಚಣಿ ಮಾತ್ರ. ಎರಡನೆಯ ನೌಕರಿ ಇನ್ನೂ ಸಿಕ್ಕಿರುವುದಿಲ್ಲ. ಹಿರಿಯ ಮಗ ಅಥವಾ ಮಗಳು ಪದವಿಯ ಹೊಸ್ತಿಲಲ್ಲಿ ನಿಲ್ಲುವುದು ಇಂಥ ಗಳಿಗೆಯಲ್ಲಿ. 2022ರ ಅಗ್ನಿಪಥ ಯೋಜನೆಯಡಿ ನಾಲ್ಕೇ ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ; ಅವರ ಮಕ್ಕಳು ಈ ಚರ್ಚೆಯ ಪರಿಧಿಯಿಂದಲೇ ಹೊರಗುಳಿಯುತ್ತಾರೆ.

ಎರಡನೆಯ ತೊಡಕು ನಿವಾಸದ್ದು. ಮಹಾರಾಷ್ಟ್ರದಲ್ಲಿ ಕಾಯಂ ನಿವಾಸಿಯೆಂಬ ಪ್ರಮಾಣಪತ್ರ ಪಡೆಯಲು ಸಾಮಾನ್ಯವಾಗಿ 15 ವರ್ಷಗಳ ವಾಸ ಬೇಕು. ವೃತ್ತಿಶಿಕ್ಷಣದ ಪ್ರವೇಶದಲ್ಲಿ ರಾಜ್ಯವು ಸೈನಿಕರ ಮಕ್ಕಳಿಗೆ ಶೇಕಡಾ 5ರಷ್ಟು ಸ್ಥಾನಗಳನ್ನು ಮೀಸಲಿಟ್ಟು ಮೂರು ವರ್ಗಗಳನ್ನು ಮಾಡಿದೆ: ಒಂದು, ರಾಜ್ಯದ ನಿವಾಸಿಗಳಾದ ಮಾಜಿ ಸೈನಿಕರ ಮಕ್ಕಳು, ಎರಡು, ರಾಜ್ಯದ ನಿವಾಸಿಗಳಾಗಿದ್ದು ಸೇವೆಯಲ್ಲಿರುವವರ ಮಕ್ಕಳು, ಮೂರು, ಹೊರರಾಜ್ಯದವರಾಗಿದ್ದು ಇಲ್ಲಿಗೆ ವರ್ಗವಾಗಿ ಬಂದು ಸೇವೆಯಲ್ಲಿರುವವರ ಮಕ್ಕಳು. ತಂದೆ ಸಮವಸ್ತ್ರದಲ್ಲಿರುವವರೆಗೆ ಕನ್ನಡಿಗ ನಾವಿಕನ ಮಗಳಿಗೆ ಮೂರನೆಯ ಬಾಗಿಲು ತೆರೆದಿರುತ್ತದೆ. ಆತ ಘಾಟ್ಕೋಪರದಲ್ಲಿದ್ದಾಗಲೇ ನಿವೃತ್ತನಾಗಿ, ಬಾಡಿಗೆ ಮನೆ ಹಿಡಿದು ಅಲ್ಲೇ ಉಳಿದರೆ? ಮೂರನೆಯ ವರ್ಗ ತಪ್ಪಿತು. 15 ವರ್ಷ ತುಂಬದ ಕಾರಣ ಮೊದಲನೆಯದೂ ಸಿಗದು. ಸೇವೆ ಮುಗಿಸಿದ ತಪ್ಪಿಗೆ ಸೌಲಭ್ಯ ಕಳೆದುಕೊಂಡಂತಾಗುತ್ತದೆ.

ಆಗ ಉಳಿಯುವುದು ಕರ್ನಾಟಕದ ದಾರಿ. ಅಲ್ಲಿನ ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಂತೆ ರಾಜ್ಯದಲ್ಲಿ ಏಳು ವರ್ಷ ಓದಿರಬೇಕೆಂಬುದು ಮುಖ್ಯ ಷರತ್ತು. ಊರೂರು ಅಲೆದ ಮಗುವಿಗೆ ಅದು ಅಸಾಧ್ಯವೆಂದು ತಿಳಿದೇ, ಸೈನ್ಯಕ್ಕೆ ಸೇರುವಾಗ ಸ್ವಂತ ಊರು ಕರ್ನಾಟಕದ್ದೆಂದು ಘೋಷಿಸಿದವರ ಮಕ್ಕಳಿಗೆ ಪ್ರತ್ಯೇಕ ಅವಕಾಶ ಕಲ್ಪಿಸಲಾಗಿದೆ. ತಂದೆ ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಭರ್ತಿಯ ಕಾಗದದಲ್ಲಿ ಬರೆಸಿದ ಹಳ್ಳಿಯ ಹೆಸರು ಇಪ್ಪತ್ತು ವರ್ಷಗಳ ನಂತರ ಮಗಳ ಪ್ರವೇಶವನ್ನು ನಿರ್ಧರಿಸುತ್ತದೆ. ಸೇರುವಾಗ ಯಾರದೋ ನಗರದ ವಿಳಾಸ ಕೊಟ್ಟವರಿಗೆ ಇದರ ಬಿಸಿ ತಟ್ಟದಿರದು. ಗಡಿನಾಡು, ಹೊರನಾಡು ಕನ್ನಡಿಗರೆಂಬ ನೆಲೆಯಲ್ಲಿ ಅರ್ಜಿ ಹಾಕುವವರಿಗೂ ದಾರಿಯಿದೆಯಾದರೂ ಅವರು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಪ್ರಾಥಮಿಕ ಮಟ್ಟದ್ದೇ. ಆದರೆ ಅಕ್ಷರವನ್ನೇ ಕಲಿಯದವರಿಗೆ ಅದೂ ಬೆಟ್ಟವೇ. ಮೇಲೆ ಹೇಳಿದ ಭಾಷೆಯ ಲೆಕ್ಕ ಬರುವುದು ಇಲ್ಲಿ.

ವಿದ್ಯಾರ್ಥಿವೇತನಗಳ ಬಗೆಗೂ ಒಂದು ಮಾತು ಅಗತ್ಯ. ಯುದ್ಧದಲ್ಲಿ ಮಡಿದವರ, ಅಂಗವಿಕಲರಾದವರ ಮಕ್ಕಳಿಗೆ ಮೊದಲ ಪದವಿಯವರೆಗೆ ಶುಲ್ಕದ ನೆರವು ನೀಡುವ ಕ್ರಮ 1971ರ ಯುದ್ಧದ ಬೆನ್ನಿಗೇ ಬಂದಿತು. 2017ರಲ್ಲಿ ಇದಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿ, ಆಕ್ಷೇಪಗಳು ಎದ್ದ ಮೇಲೆ 2018ರಲ್ಲಿ ಅದನ್ನು ತೆಗೆಯಲಾಯಿತು. ಮಾಜಿ ಸೈನಿಕರ ಮಕ್ಕಳಿಗಾಗಿ ಇರುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನ 2019ರ ಪರಿಷ್ಕರಣೆಯಂತೆ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ಹುಡುಗಿಯರಿಗೆ ಹೆಚ್ಚು ಕೊಟ್ಟಿರುವುದು ಸ್ತುತ್ಯವೇ. ಆದರೆ ಇದು ವೃತ್ತಿಪರ ಪದವಿಗಳಿಗೆ ಮೀಸಲು, ಸಾದಾ ಬಿ.ಎ. ಓದಿ ಸಾಹಿತ್ಯವನ್ನೋ ಇತಿಹಾಸವನ್ನೋ ಆರಿಸಿಕೊಂಡ ಮಗುವಿಗೆ ಇಲ್ಲ. ಕನ್ನಡ ವಿಭಾಗಗಳು ಈ ಅಂಶವನ್ನು ಗಮನಿಸಬೇಕಾಗಿದೆ.

ಇತರ ದೇಶಗಳು ಈ ಅಲೆಮಾರಿತನವನ್ನೇ ಒಂದು ಶೈಕ್ಷಣಿಕ ಕೊರತೆಯೆಂದು ಗುರುತಿಸಿವೆ. ಅಮೆರಿಕದಲ್ಲಿ ಸೈನಿಕರ ಮಕ್ಕಳು ರಾಜ್ಯದಿಂದ ರಾಜ್ಯಕ್ಕೆ ಹೋದಾಗ ದಾಖಲಾತಿಯಲ್ಲಾಗಲಿ ತೇರ್ಗಡೆಯಲ್ಲಾಗಲಿ ಹಿಂದೆ ಬೀಳದಂತೆ 2008ರಿಂದ ಅಂತರರಾಜ್ಯ ಒಪ್ಪಂದವೊಂದು ಜಾರಿಗೆ ಬಂದು, 2014ರ ವೇಳೆಗೆ ಐವತ್ತು ರಾಜ್ಯಗಳೂ ಅದಕ್ಕೆ ಒಳಪಟ್ಟವು. ಇಂಗ್ಲೆಂಡಿನಲ್ಲಿ 2011ರಿಂದ ಇಂಥ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲೆಗೆ ಹೆಚ್ಚುವರಿ ಹಣ ಸಂದಾಯವಾಗುತ್ತಿದೆ. ಭಾರತದ ಶಾಲೆಯ ಮಟ್ಟದಲ್ಲಿ ಕೇಂದ್ರೀಯ ವಿದ್ಯಾಲಯ ಮಾಡಿದ ಕೆಲಸ ಇವಕ್ಕಿಂತ ಹಳೆಯದು, ಒಂದರ್ಥದಲ್ಲಿ ಹಿರಿದು. ಕೊರತೆಯಿರುವುದು ಪದವಿಯ ಮಟ್ಟದಲ್ಲಿ.

ಘಾಟ್ಕೋಪರದ ಮಗುವಿಗೆ ಕಾಲೇಜುಗಳ ಬರವಿಲ್ಲ. 1963ರಲ್ಲಿ ಆರಂಭವಾದ ರಾಮನಿರಂಜನ್ ಝುನ್‌ಝುನ್‌ವಾಲಾ ಕಾಲೇಜು ಅಲ್ಲಿಯೇ ಇದೆ; ಸೋಮಯ್ಯ ವಿದ್ಯಾವಿಹಾರ ಒಂದು ನಿಲ್ದಾಣದ ದೂರ; ಕುರ್ಲಾದಲ್ಲಿ ಇಳಿದರೆ ಕಲೀನಾದ ವಿಶ್ವವಿದ್ಯಾಲಯ. ಇಲ್ಲದಿರುವುದು ಕಾಗದಪತ್ರಗಳ ತಿಳಿವಳಿಕೆ ಮತ್ತು ಅದನ್ನು ವೇಳೆಗೆ ಹೇಳುವವರು. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನೇ ನೋಡತಕ್ಕದ್ದು. ತಂದೆ ಬಹುಪಾಲು ಹಡಗಿನ ಮೇಲೆಯೋ ಗಡಿಯಲ್ಲೋ ಇರುವುದರಿಂದ ಕಚೇರಿಗಳಿಗೆ ಅಲೆಯುವವಳು ತಾಯಿ. ನಗರದ ಕನ್ನಡ ಸಂಘಗಳು ಹತ್ತನೆಯ ತರಗತಿ ಮುಗಿದ ಬೇಸಗೆಯಲ್ಲೇ ಈ ಮನೆಗಳನ್ನು ಹುಡುಕಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಪ್ರಮಾಣಪತ್ರ, ಭರ್ತಿಯ ವಿಳಾಸದ ದೃಢೀಕರಣ, ಓದಿದ ಎಲ್ಲ ಶಾಲೆಗಳ ದಾಖಲೆ ಇವನ್ನು ಕಲೆಹಾಕಲು ನೆರವಾಗಬಹುದು. ಜೊತೆಗೆ ಭಾನುವಾರಗಳಂದು ಎರಡು ಗಂಟೆ ಅಕ್ಷರಮಾಲೆಯಿಂದ ತೊಡಗಿ ಕನ್ನಡ ಹೇಳಿಕೊಟ್ಟರೆ, ಎರಡು ವರ್ಷಗಳಲ್ಲಿ ಆ 50 ಅಂಕಗಳ ಪರೀಕ್ಷೆಗೆ ಮಗು ಸಿದ್ಧವಾಗಿರುತ್ತದೆ. ಊರಿನ ಅಜ್ಜಿಗೆ ಕಾಗದವನ್ನೂ ಬರೆದೀತು.