ಹಾರಾಟಕ್ಕೆ ಮುನ್ನ ಬೀಳುವ ಸಹಿಗಳು

ವಾಯುಪಡೆಯ ವೃತ್ತಿಯೆಂದೊಡನೆ ಜನರ ಕಣ್ಣಮುಂದೆ ನಿಲ್ಲುವುದು ಯುದ್ಧವಿಮಾನದ ಪೈಲಟ್. ಆದರೆ 1932ರ ಅಕ್ಟೋಬರ್ 8ರಂದು ಸ್ಥಾಪನೆಯಾದ ಭಾರತೀಯ ವಾಯುಪಡೆಯಲ್ಲಿ ಸಮವಸ್ತ್ರ ತೊಟ್ಟವರ ಪೈಕಿ ವಿಮಾನ ಹಾರಿಸುವವರು ಅಲ್ಪಸಂಖ್ಯಾತರೇ ಆಗಿದ್ದು, ಬಹುಪಾಲು ಮಂದಿಯ ಸೇವಾವಧಿ ನೆಲದ ಮೇಲೆಯೇ ಕಳೆಯುತ್ತದೆ. ವಿಮಾನದ ನಿರ್ವಹಣೆ, ಇಂಧನ, ಶಸ್ತ್ರಾಸ್ತ್ರಗಳ ಜೋಡಣೆ, ಹವಾಮಾನ, ರನ್‌ವೇಯ ಸುಸ್ಥಿತಿ, ವಾಯುಸಂಚಾರ ನಿಯಂತ್ರಣ ಮತ್ತು ರಡಾರ್ ಕಾರ್ಯ, ಇವೆಲ್ಲವೂ ಸೇರಿ ಹಾರಾಟ ಬೆಂಬಲ ಸೇವೆ ಎನಿಸಿಕೊಳ್ಳುತ್ತವೆ.

ಈ ಸೇವೆಯ ಸ್ವರೂಪವನ್ನು ತಿಳಿಯಲು ವಿಮಾನದ ಪಕ್ಕದಲ್ಲಿ ತೆರೆದಿರುವ ಒಂದು ದಾಖಲೆ ಪುಸ್ತಕವನ್ನು ನೋಡಿದರೆ ಸಾಕು. ಫಾರ್ಮ್ 700 ಎಂದು ಕರೆಯಲಾಗುವ ಈ ಪುಸ್ತಕ ವಿಮಾನದ ಆರೋಗ್ಯಪತ್ರವಿದ್ದಂತೆ. ಎಂಜಿನ್, ವಿಮಾನದ ಒಡಲು, ವಿದ್ಯುತ್ ವ್ಯವಸ್ಥೆ, ರೇಡಿಯೊ, ಶಸ್ತ್ರಾಸ್ತ್ರ ಹೀಗೆ ಒಂದೊಂದು ಟ್ರೇಡ್‌ನ, ಅಂದರೆ ಕೌಶಲ ವಿಭಾಗದ, ಸಿಬ್ಬಂದಿ ತಮ್ಮ ಪಾಲಿನ ತಪಾಸಣೆ ಮುಗಿಸಿ ಅದರಲ್ಲಿ ಸಹಿ ಮಾಡುತ್ತಾರೆ. ಪೈಲಟ್ ಅವನ್ನೆಲ್ಲ ಓದಿ, ವಿಮಾನವನ್ನು ಸುತ್ತಿ ನೋಡಿ, ಕೊನೆಯಲ್ಲಿ ತನ್ನ ಸಹಿ ಹಾಕಿ ಅದನ್ನು ವಶಕ್ಕೆ ಪಡೆಯುತ್ತಾನೆ. ಹಾರಾಟದಿಂದ ಮರಳಿದ ಮೇಲೆ ಕಂಡುಬಂದ ದೋಷ, ಅಂದರೆ ಇಲ್ಲಿನವರ ಮಾತಿನಲ್ಲಿ ‘ಸ್ನ್ಯಾಗ್’, ಅದೇ ಪುಸ್ತಕದಲ್ಲಿ ದಾಖಲಾಗುತ್ತದೆ. ಅದನ್ನು ಸರಿಪಡಿಸಿದವನ ಸಹಿಯೂ ಕೆಳಗೆ ಬೀಳುತ್ತದೆ. ಅಪಘಾತವೇನಾದರೂ ಸಂಭವಿಸಿದರೆ ತನಿಖೆಗೆ ಆಧಾರವಾಗುವ ದಾಖಲೆಗಳಲ್ಲಿ ಇದೂ ಒಂದಾದ್ದರಿಂದ, ಇಲ್ಲಿ ಸಹಿ ಎಂಬುದು ಬರಿಯ ಕಚೇರಿ ಪದ್ಧತಿಯಲ್ಲ.

ಎಣಿಕೆಗೂ ಇಷ್ಟೇ ಮಹತ್ವ. ಸ್ಪ್ಯಾನರ್‌ಗಳಿಗೆ ಪೆಟ್ಟಿಗೆಯಲ್ಲಿ ನಿಗದಿತ ಜಾಗವಿರುತ್ತದೆ. ಕೆಲಸ ಮುಗಿದಾಗ ಒಂದು ಸ್ಕ್ರೂಡ್ರೈವರ್ ಕಡಿಮೆ ಬಿದ್ದರೂ ಅದು ಸಿಗುವವರೆಗೆ ವಿಮಾನ ಕದಲುವಂತಿಲ್ಲ, ಏಕೆಂದರೆ ಮರೆತುಹೋದ ಉಪಕರಣ ನಿಯಂತ್ರಣ ಸಲಾಕೆಗಳ ನಡುವೆ ಸಿಲುಕಬಹುದು. ರನ್‌ವೇಯ ಮೇಲಿನ ಸಣ್ಣ ಕಲ್ಲನ್ನು ಜೆಟ್ ಎಂಜಿನ್ ಒಳಕ್ಕೆ ಸೆಳೆದುಕೊಂಡರೆ ಅದರ ಅಲಗುಗಳು ಮುರಿಯುತ್ತವೆಂದು ಸಿಬ್ಬಂದಿ ಸಾಲಾಗಿ ನಡೆದು ನೆಲ ಶೋಧಿಸುವುದುಂಟು. ಇಂಧನ ತುಂಬುವ ಬೌಸರ್‌ನಿಂದ ಗಾಜಿನ ಜಾಡಿಗೆ ಸ್ವಲ್ಪ ಇಂಧನ ಹಿಡಿದು ನೀರಿನ ಅಂಶವಿದೆಯೇ ಎಂದು ಪರೀಕ್ಷಿಸುವುದೂ ಇದೇ ಬಗೆಯ ಎಚ್ಚರ. ಎತ್ತರದ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿ ಇಂಧನದ ಹಾದಿಯನ್ನೇ ಮುಚ್ಚಬಲ್ಲದು.

ಹವಾಮಾನ ಶಾಖೆಯ ಕೆಲಸ ಮಳೆ ಬರುವುದೇ ಎಂದು ಹೇಳುವುದಕ್ಕಷ್ಟೇ ಸೀಮಿತವಲ್ಲ. ವಿಮಾನದ ಎತ್ತರಮಾಪಕ ಗಾಳಿಯ ಒತ್ತಡವನ್ನು ಅಳೆದು ಎತ್ತರ ತೋರಿಸುವುದರಿಂದ, ನೆಲದಿಂದ ತಿಳಿಸುವ ಒತ್ತಡದ ಅಂಕಿ ನಿಖರವಾಗಿರಬೇಕು. ಸಮುದ್ರಮಟ್ಟದ ಸಮೀಪದಲ್ಲಿ ಒಂದು ಹೆಕ್ಟೋಪ್ಯಾಸ್ಕಲ್ ವ್ಯತ್ಯಾಸ ಸುಮಾರು 30 ಅಡಿಗೆ ಸಮ. ಮಾಪಕವನ್ನು ನಿಜವಾದ ಒತ್ತಡಕ್ಕಿಂತ 10 ಹೆಚ್ಚಾಗಿ ಹೊಂದಿಸಿದಲ್ಲಿ ವಿಮಾನ ಮಾಪಕ ತೋರಿಸುವುದಕ್ಕಿಂತ ಸುಮಾರು 300 ಅಡಿ ಕೆಳಗಿರುತ್ತದೆ, ಮೋಡದೊಳಗೆ ಗುಡ್ಡವೊಂದು ಅಡಗಿರಲು ಇಷ್ಟು ಸಾಕು. ಉಷ್ಣತೆ ಏರಿದಂತೆ ಗಾಳಿ ತೆಳುವಾಗಿ ಎಂಜಿನ್‌ನ ಬಲವೂ ರೆಕ್ಕೆಯ ಎತ್ತುವಿಕೆಯೂ ಕುಗ್ಗುತ್ತವೆ. 10,000 ಅಡಿಗೂ ಎತ್ತರದಲ್ಲಿರುವ ಲೇಹ್‌ನಲ್ಲಿ ಹೆಚ್ಚಿನ ಹಾರಾಟಗಳು ಬೆಳಗಿನ ಹೊತ್ತಿನಲ್ಲೇ ನಡೆಯುವುದಕ್ಕೆ ಇದೂ, ಮಧ್ಯಾಹ್ನದ ಬಿರುಗಾಳಿಯೂ ಕಾರಣ.

ವಿಮಾನ ಮೇಲೇರಿದ ಮೇಲೂ ನೆಲದ ಹೊಣೆ ತೀರುವುದಿಲ್ಲ. ವಾಯುಸಂಚಾರ ನಿಯಂತ್ರಕರು ವಿಮಾನಗಳನ್ನು ಒಂದರಿಂದೊಂದು ದೂರವಿಡುತ್ತಾರೆ. ಫೈಟರ್ ಕಂಟ್ರೋಲರ್ ಎಂಬ ಅಧಿಕಾರಿಯ ಕೆಲಸ ಬಹುಮಟ್ಟಿಗೆ ತದ್ವಿರುದ್ಧ, ರಡಾರ್ ಪರದೆಯನ್ನು ನೋಡುತ್ತ ತನ್ನ ಯುದ್ಧವಿಮಾನವನ್ನು ಎದುರಾಳಿಯತ್ತ ಕೊಂಡೊಯ್ಯುವುದು. 2019ರ ಫೆಬ್ರವರಿ 27ರಂದು ಜಮ್ಮು–ಕಾಶ್ಮೀರದ ಗಡಿಯಲ್ಲಿ ನಡೆದ ವಾಯುಸಂಘರ್ಷದಲ್ಲಿ ಈ ಹೊಣೆ ನಿರ್ವಹಿಸಿದ ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್ವಾಲ್ ಅವರಿಗೆ ಯುದ್ಧಸೇವಾ ಪದಕ ಸಂದಿತು. ಆ ಪದಕ ಪಡೆದ ಮೊದಲ ಮಹಿಳೆ ಅವರು. ಆ ದಿನದ ನೆನಪಿನಲ್ಲಿ ಪೈಲಟ್‌ಗೆ ದೊರೆತಷ್ಟು ಜಾಗ ನಿಯಂತ್ರಕಿಯ ಧ್ವನಿಗೆ ದೊರೆಯಲಿಲ್ಲವೆಂಬುದು ಬೇರೆ ಮಾತು.

ಈ ವೃತ್ತಿಯ ದಾರಿಯಲ್ಲಿ ಕರ್ನಾಟಕದ ಊರುಗಳು ಎದುರಾಗದೆ ಇರವು. ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮೆನ್‌ಗಳ ಆರಂಭಿಕ ತರಬೇತಿ ನಡೆಯುತ್ತದೆ. ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಧಿಕಾರಿಗಳು ಪಳಗುತ್ತಾರೆ. ತರಬೇತಿ ಕಮಾಂಡ್‌ನ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿಯೇ ಇದೆ. ಪದವೀಧರರು ಎಎಫ್‌ಸಿಎಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಅಧಿಕಾರಿಗಳಾಗಬಹುದು. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ಅಗ್ನಿವೀರವಾಯುವಾಗಿ ಸೇರಿದವರ ಸೇವೆ 4 ವರ್ಷಗಳದ್ದು. ಬಳಿಕ ಗರಿಷ್ಠ ಶೇಕಡ 25ರಷ್ಟು ಮಂದಿಗೆ ಕಾಯಂ ಆಗುವ ಅವಕಾಶವಿದೆ. ಸಂಬಳ, ಇಡುಗಂಟುಗಳ ಚರ್ಚೆಯ ನಡುವೆ ಒಂದು ಸಂಗತಿ ಹಿಂದೆ ಸರಿದಿದೆ: ಎಂಜಿನ್‌ನ ಸದ್ದು ಕೇಳಿಯೇ ದೋಷ ಊಹಿಸಬಲ್ಲ ಹಳಬ ವಾರಂಟ್ ಆಫೀಸರ್‌ನ ಕಿವಿ ಹದಗೊಳ್ಳುವುದಕ್ಕೆ 4 ವರ್ಷ ಸಾಲುವಂತೆ ತೋರುವುದಿಲ್ಲವಾದ್ದರಿಂದ, ಮುಂದೆ ಫಾರ್ಮ್ 700ರ ಕೆಳಭಾಗದಲ್ಲಿ ಮೇಲ್ವಿಚಾರಕನಾಗಿ ಸಹಿ ಮಾಡುವ ಕೈಗಳು ಆ ಶೇಕಡ 25ರೊಳಗಿನಿಂದಲೇ ಬರಬೇಕಾಗುತ್ತದೆ.