ಬಚ್ಚಂಗಾಯಿ, ಮಲ್ಲಿಗೆ ಮತ್ತು ಮನೆಯ ಐಸ್

ಮಾರ್ಚ್ ಬಂತೆಂದರೆ ನಮ್ಮ ಕರಾವಳಿಯ ಸೆಕೆ ತಡೆಯಲಿಕ್ಕಾಗುವುದಿಲ್ಲ. ಮದ್ರಸ ಬಿಟ್ಟ ಕೂಡಲೇ ಮಕ್ಕಳು ಓಡುವುದು ಐಸ್ ಕ್ಯಾಂಡಿ ಮಾರುವವರ ಹತ್ತಿರ. ಬೇಡ ಎಂದರೆ ಕೇಳುತ್ತಾರಾ? ಇಲ್ಲ. ಹಾಗಂತ ಅವರನ್ನು ಗದರಿಸಲು ನಮಗೂ ಬಾಯಿ ಬರುವುದಿಲ್ಲ. ಯಾಕೆಂದರೆ ಒಮ್ಮೆ ನಾವೇ ತಪ್ಪು ಮಾಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಮದ್ರಸದಲ್ಲಿ ಮಕ್ಕಳ ಕಾರ್ಯಕ್ರಮ ಇತ್ತು. ಶರಬತ್ತಿನ ಜವಾಬ್ದಾರಿ ನಮ್ಮದು. ಲಿಂಬೆ, ಸಕ್ಕರೆ, ಕಸ್‌ಕಸ್ ಎಲ್ಲ ಒಳ್ಳೆಯದನ್ನೇ ತಂದಿದ್ದೆವು. ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಆರಿಸಿ ಇಟ್ಟಿದ್ದೆವು. ಆದರೆ ಐಸ್? ಮೀನಿನ ಪೆಟ್ಟಿಗೆಗೆ ಹಾಕುವ ದೊಡ್ಡ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತಂದೆವು. ಅದನ್ನು ಒಡೆದು ಹಂಡೆಗೆ ಹಾಕಿದ್ದು ಇದೇ ಕೈ. ಎರಡೇ ದಿನದಲ್ಲಿ ಹಲವು ಮಕ್ಕಳಿಗೆ ವಾಂತಿ, ಭೇದಿ. ಒಂದು ತಿಂಗಳಾಗುವಾಗ ಒಬ್ಬ ಹುಡುಗನಿಗೆ ಕಾಮಾಲೆ ಬಂತು. ಐದನೇ ತರಗತಿಯ ಪಬ್ಲಿಕ್ ಪರೀಕ್ಷೆಗೆ ಅವನು ಕೂರಲಿಲ್ಲ. ಐಸ್‌ನಿಂದಲೇ ಬಂತು ಎಂದು ಯಾರೂ ಹೇಳಲಿಲ್ಲ. ಅವನ ಉಮ್ಮನೂ ಒಂದು ಮಾತು ಆಡಲಿಲ್ಲ. ಆದರೆ ನಮಗೆ ಇವತ್ತಿಗೂ ಅದು ಮನಸ್ಸಿನಲ್ಲಿದೆ.

ತುಂಬ ಜನ ತಿಳಿದಿರುವುದು, ಐಸ್ ಆದರೆ ರೋಗಾಣು ಸಾಯುತ್ತದೆ ಎಂದು. ಸಾಯುವುದಿಲ್ಲ. ಟೈಫಾಯ್ಡ್, ಕಾಮಾಲೆಯ ರೋಗಾಣುಗಳು ಐಸಿನೊಳಗೆ ಹಾಗೆಯೇ ಕೂತಿರುತ್ತವೆ, ಕರಗಿದ ಕೂಡಲೇ ಹೊಟ್ಟೆ ಸೇರುತ್ತವೆ. ತಿನ್ನುವ ಐಸ್ ಬೇರೆ, ಮೀನು ಕೆಡದಂತೆ ಇಡುವ ಐಸ್ ಬೇರೆ. ಜನರಿಗೆ ಗೊತ್ತಾಗಲಿ ಎಂದು ಮಹಾರಾಷ್ಟ್ರದಲ್ಲಿ 2018ರಲ್ಲಿ ತಿನ್ನಬಾರದ ಐಸಿಗೆ ನೀಲಿ ಬಣ್ಣ ಹಾಕುವ ನಿಯಮವನ್ನೇ ತಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಹೊರಗಿನ ಐಸ್ ಇಲ್ಲ. ಬದಲಿಗೆ ಮನೆಯವಳು ಮತ್ತು ಮಕ್ಕಳು ಸೇರಿ ಕಲಿತದ್ದು ಗ್ರಾನಿಟ.

ಶರಬತ್ತಿನ ಸಂಬಂಧಿಕ

ಹೆಸರು ಕೇಳಿ ಹೆದರಬೇಡಿ. ಗ್ರಾನಿಟ ಎಂದರೆ ಹರಳು ಹರಳಾದದ್ದು ಎಂದರ್ಥ. ಹಣ್ಣಿನ ರಸ, ನೀರು, ಸಕ್ಕರೆ, ಇಷ್ಟೇ. ಹಾಲಿಲ್ಲ, ಕ್ರೀಮ್ ಇಲ್ಲ, ಮೆಷಿನ್ ಬೇಡ. ಇದು ಇಟಲಿಯ ದಕ್ಷಿಣದ ಸಿಸಿಲಿ ದ್ವೀಪದ ತಿಂಡಿ. ಬೇಸಿಗೆಯಲ್ಲಿ ಅಲ್ಲಿಯವರು ಬೆಳಿಗ್ಗೆಯೇ ಮೆತ್ತನೆಯ ಬನ್ನಿನ ಜೊತೆ ತಿನ್ನುತ್ತಾರೆ.

ಆ ದ್ವೀಪಕ್ಕೂ ನಮಗೆ ಗೊತ್ತಿರುವ ಚರಿತ್ರೆಗೂ ನಂಟಿದೆ. 827ರಲ್ಲಿ ಮುಸ್ಲಿಮರು ಉತ್ತರ ಆಫ್ರಿಕದಿಂದ ಸಿಸಿಲಿಗೆ ಹೋದರು. 831ರಲ್ಲಿ ಪಲೆರ್ಮೊ ನಗರ ಅವರ ಕೈಗೆ ಬಂತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಅವರ ಆಡಳಿತ. ಲಿಂಬೆ, ಕಬ್ಬಿನ ಕೃಷಿ ಅಲ್ಲಿ ಬೆಳೆದದ್ದು ಆ ಕಾಲದಲ್ಲಿ. ಎಟ್ನಾ ಪರ್ವತದ ಹಿಮವನ್ನು ಚಳಿಗಾಲದಲ್ಲಿ ಗುಂಡಿಗಳಲ್ಲಿ ತುಂಬಿ, ಹುಲ್ಲು ಮುಚ್ಚಿ, ಬೇಸಿಗೆವರೆಗೆ ಕಾಪಾಡುವ ಪದ್ಧತಿ ಅಲ್ಲಿ ಬಹಳ ಹಳೆಯದು. ಆ ಹಿಮಕ್ಕೆ ಹಣ್ಣಿನ ರಸ, ಹೂವಿನ ನೀರು ಬೆರೆಸುವುದನ್ನು ಅರಬರಿಂದ ಕಲಿತೆವು ಎಂದು ಸಿಸಿಲಿಯವರೇ ಹೇಳಿಕೊಳ್ಳುತ್ತಾರೆ.

ಶಬ್ದದಲ್ಲೂ ಗುರುತಿದೆ. ಶೀನ್, ರಾ, ಬಾ, ಈ ಮೂರು ಅಕ್ಷರದ ಧಾತುವಿಗೆ ಅರಬಿಯಲ್ಲಿ ಕುಡಿಯುವುದು ಎಂದರ್ಥ. ನಮ್ಮ ಶರಬತ್, ಇಟಲಿಯ ಸೊರ್ಬೆತ್ತೊ, ಇಂಗ್ಲಿಷಿನ ಸಿರಪ್ ಕೂಡ ಅಲ್ಲಿಂದಲೇ. ಅರಬಿಯಲ್ಲಿ ‘ಶರಾಬ್’ ಅಂದರೆ ಬರೀ ಪಾನೀಯ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಾರೆ.

ಪಲೆರ್ಮೊದಲ್ಲಿ ಬಚ್ಚಂಗಾಯಿಗೆ ಮಲ್ಲಿಗೆ ನೀರು ಸೇರಿಸಿ ಮಾಡುವ ಒಂದು ಸಿಹಿ ಹೆಸರುವಾಸಿ. ಬಚ್ಚಂಗಾಯಿ, ಮಲ್ಲಿಗೆ ಎರಡೂ ನಮ್ಮ ಊರಿನವೇ ಅಲ್ವಾ? ಹಾಗಾಗಿ ಅದೇ ಜೋಡಿಯನ್ನು ಆರಿಸಿಕೊಂಡೆವು.

ಬೇಕಾಗುವ ಸಾಮಾನು

ಬಚ್ಚಂಗಾಯಿ ರಸ 850 ಮಿಲಿ, ಮಲ್ಲಿಗೆ ನೀರು 150 ಮಿಲಿ, ಸಕ್ಕರೆ 120 ಗ್ರಾಂ, ಅಂದರೆ ಅರ್ಧ ಕಪ್ಪಿಗಿಂತ ತುಸು ಹೆಚ್ಚು. ಒಂದು ಲಿಂಬೆ, ಒಂದು ಚಿಟಿಕೆ ಉಪ್ಪು. ಎಂಟು ಸಣ್ಣ ಬಟ್ಟಲು ಆಗುತ್ತದೆ.

ಮಾಡುವ ವಿಧಾನ

ಮಲ್ಲಿಗೆ ನೀರು ಹಿಂದಿನ ಸಂಜೆಯೇ ಆಗಬೇಕು. ಕುದಿಸಿ ಪೂರ್ತಿ ತಣಿಸಿದ ನೀರಿಗೆ, ತೊಳೆದ ಒಂದು ಮುಷ್ಟಿ ಮಲ್ಲಿಗೆ ಹಾಕಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಸೋಸಿ. ಹೂವನ್ನು ಕುದಿಸಬೇಡಿ, ಪರಿಮಳ ಹೋಗಿ ಕಹಿ ಉಳಿಯುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪೇಟೆಯಲ್ಲಿ ಚೆಂಡು, ಅಟ್ಟೆ ಲೆಕ್ಕದಲ್ಲಿ ಸಿಗುವ ಮಲ್ಲಿಗೆ ಮುಡಿಯಲಿಕ್ಕೆ, ತಿನ್ನಲಿಕ್ಕಲ್ಲ. ಅದಕ್ಕೆ ಕೀಟದ ಮದ್ದು ಹೊಡೆದಿರಬಹುದು. ಮದ್ದು ಹೊಡೆಯದ ಮನೆಯಂಗಳದ ಗಿಡದ ಹೂ ಮಾತ್ರ ಬಳಸಿ. ಗಿಡ ಇಲ್ಲದಿದ್ದರೆ ಅಡುಗೆಗೆ ಬಳಸುವ ಗುಲಾಬಿ ನೀರು ಎರಡು ಟೀ ಚಮಚ ಸಾಕು. ಆಗ ಮಲ್ಲಿಗೆ ನೀರಿನ ಬದಲು ಕುದಿಸಿ ಆರಿಸಿದ ನೀರು ಹಾಕಿ. ಎಸೆನ್ಸ್ ತರುವುದಾದರೆ ಬಾಟ್ಲಿಯ ಚೀಟಿ ಓದಿ, ಕೆಲವದರಲ್ಲಿ ಆಲ್ಕೋಹಾಲ್ ಇರುತ್ತದೆ. ಕಣಗಿಲೆಯಂತಹ ಹೂ ವಿಷ, ಕಂಡ ಹೂವೆಲ್ಲ ಹಾಕಬಾರದು ಎಂದು ಮಕ್ಕಳಿಗೂ ಹೇಳಿಡಿ.

ಬಚ್ಚಂಗಾಯಿಯನ್ನು ಕೊಯ್ಯುವ ಮೊದಲು ಸಿಪ್ಪೆ ತೊಳೆಯಿರಿ. ಇಲ್ಲದಿದ್ದರೆ ಹೊರಗಿನ ಕೊಳೆ ಚೂರಿಯ ಜೊತೆ ಒಳಗೆ ಹೋಗುತ್ತದೆ. ಬೀಜ ತೆಗೆದು, ಮಿಕ್ಸಿಯಲ್ಲಿ ತಿರುಗಿಸಿ, ಸೋಸಿ. ಸಕ್ಕರೆಯನ್ನು ಮಲ್ಲಿಗೆ ನೀರಿನಲ್ಲಿ ಪೂರ್ತಿ ಕರಗಿಸಿ ರಸಕ್ಕೆ ಸೇರಿಸಿ. ಲಿಂಬೆ ಹಿಂಡಿ, ಉಪ್ಪು ಹಾಕಿ. ಅಗಲದ ಸ್ಟೀಲ್ ಟ್ರೇಯಲ್ಲಿ ಒಂದು ಇಂಚು ಎತ್ತರಕ್ಕೆ ಹೊಯ್ದು, ಮುಚ್ಚಿ ಫ್ರೀಜರ್‌ನಲ್ಲಿಡಿ. ಲಿಂಬೆ ಇರುವುದರಿಂದ ಅಲ್ಯುಮಿನಿಯಂ ಬೇಡ. ಮುಚ್ಚಲು ಮರೆಯಬೇಡಿ. ನಮ್ಮ ಮೊದಲ ಟ್ರೇ ಪೂರ್ತಿ ಬಂಗುಡೆ ವಾಸನೆ ಹೊಡೆದಿತ್ತು!

ಒಂದು ಗಂಟೆ ಬಿಟ್ಟು ನೋಡಿದರೆ ಅಂಚಿನಲ್ಲಿ ಐಸ್ ಕಟ್ಟಿರುತ್ತದೆ. ಫೋರ್ಕಿನಿಂದ ಕೆರೆದು ನಡುವಿಗೆ ತನ್ನಿ. ಆಮೇಲೆ ಅರ್ಧ ಗಂಟೆಗೊಮ್ಮೆ ಹೀಗೆಯೇ ಕೆರೆಯಬೇಕು. ಐದಾರು ಸಲ ಕೆರೆದರೆ, ಒಟ್ಟು ನಾಲ್ಕು ಗಂಟೆಯಲ್ಲಿ ಕೆಂಪು ಹರಳಿನ ರಾಶಿ ತಯಾರು. ಕೆರೆಯದೆ ಬಿಟ್ಟರೆ ಕಲ್ಲು. ಈ ಕೆಲಸ ಮಕ್ಕಳಿಗೆ ಕೊಡಿ, ಜಗಳ ಮಾಡಿಕೊಂಡು ಮಾಡುತ್ತಾರೆ.

ಸಕ್ಕರೆ ಬರೀ ಸಿಹಿಗಲ್ಲ. ಸಕ್ಕರೆ ಇದ್ದರೆ ನೀರು ಬೇಗ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಹರಳು ಮೆತ್ತಗಿರುತ್ತದೆ. ಕಡಿಮೆಯಾದರೆ ಗಟ್ಟಿ, ಹೆಚ್ಚಾದರೆ ಐಸೇ ಆಗುವುದಿಲ್ಲ. ಪುನರ್ಪುಳಿಯಲ್ಲೂ ಮಾಡಬಹುದು. ಅದರಲ್ಲಿ ಬಚ್ಚಂಗಾಯಿಯ ಸಿಹಿ ಇಲ್ಲವಲ್ಲ, ಒಂದು ಲೀಟರ್ ನೀರಿಗೆ 180 ಗ್ರಾಂ ಸಕ್ಕರೆ ಬೇಕು, ಲಿಂಬೆ ಬೇಡ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದನ್ನು ಹಣ್ಣು ಎಂದು ಲೆಕ್ಕ ಹಾಕಬೇಡಿ, ಸಿಹಿ ಎಂದೇ ತಿಳಿಯಿರಿ. ನೋಂಬಿನ ದಿನ ಬಾಂಗ್ ಆದ ಕೂಡಲೇ ಖಾಲಿ ಹೊಟ್ಟೆಗೆ ಬೇಡ. ಖರ್ಜೂರ, ನೀರು ತೆಗೆದುಕೊಂಡು, ಮಗ್ರಿಬ್ ನಮಾಝ್ ಮುಗಿಸಿ ತಿಂದರೆ ಒಳ್ಳೆಯದು. ಕರೆಂಟ್ ಹೋಗಿ ಸ್ವಲ್ಪ ಮೆತ್ತಗಾದರೆ ಪುನಃ ಕೆರೆದರಾಯಿತು. ಗಂಟೆಗಟ್ಟಲೆ ಕರಗಿ ಬೆಚ್ಚಗಾದದ್ದನ್ನು ಮತ್ತೆ ಐಸ್ ಮಾಡಬೇಡಿ.

ಕಳೆದ ನೋಂಬಿನಲ್ಲಿ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಈಗ ಕಾಲೇಜಿಗೆ ಹೋಗುತ್ತಾನೆ. ಬಟ್ಟಲು ಮುಂದಿಟ್ಟಾಗ, “ಇದು ಎಲ್ಲಿಯ ಐಸ್ ಉಸ್ತಾದ್?” ಎಂದು ಕೇಳಿದ. ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ ಗೊತ್ತಾಗಲಿಲ್ಲ. “ಮನೆಯದ್ದೇ ಮೋನೇ” ಎಂದೆವು. ಎರಡು ಬಟ್ಟಲು ತಿಂದ.

ಅವತ್ತು ಗೋಣಿ ಬಿಚ್ಚುವ ಮೊದಲು ನಾವು ಕೇಳಬೇಕಾಗಿದ್ದ ಪ್ರಶ್ನೆ ಅದು. ಮುಂದೆ ಮದುವೆ, ಮೌಲಿದ್, ಇಫ್ತಾರ್ ಕೂಟ ಎಲ್ಲ ಬರುತ್ತವೆ. ಹಂಡೆಗೆ ಐಸ್ ಹಾಕುವ ಮೊದಲು ಯಾರಾದರೂ ಒಬ್ಬರು ಅದನ್ನು ಕೇಳಿ. ಉತ್ತರ ಸರಿ ಬರದಿದ್ದರೆ ಶರಬತ್ತನ್ನು ಹಾಗೆಯೇ ಕೊಡಿ. ತಂಪಿಲ್ಲದಿದ್ದರೂ ಪರವಾಗಿಲ್ಲ, ಮಕ್ಕಳು ಕುಡಿಯುತ್ತಾರೆ.